ಪುಡಿಗಿಂತ ಮೊದಲು ಕ್ಯಾಲೆಂಡರ್: ಮಗು ಬೇಕೆನ್ನುವವರು ಆಯುರ್ವೇದವನ್ನು ಹೇಗೆ ಬಳಸಬೇಕು

ಮದುವೆಯಾಗಿ ವರ್ಷ ತುಂಬುವುದರೊಳಗೆ ಶುರುವಾಗುತ್ತದೆ. "ಏನವ್ವಾ, ಏನಾರ ವಿಶೇಷ ಐತೇನು?" ಮದುವೆ ಮನೆಯಲ್ಲಿ ಕೇಳುತ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಾರೆ, ಹಿಟ್ಟಿನ ಗಿರಣಿ ಮುಂದೆ ಪಾಳಿ ಹಚ್ಚಿ ನಿಂತಾಗಲೂ ಕೇಳುತ್ತಾರೆ. ಸಿಂಧನೂರಿನಲ್ಲಿ ನಾನು ಎರಡು ವರ್ಷ ಈ ಪ್ರಶ್ನೆಗೆ ತಲೆ ತಗ್ಗಿಸಿದೆ.

ಅತ್ತೆಗೆ ಯಾರೋ ಹೇಳಿದರು ಅಂತ ನಾಟಿ ಔಷಧಿ ಕೊಡುವವರ ಹತ್ತಿರ ಹೋದೆವು. ಹಳೇ ಪೇಪರಿನಲ್ಲಿ ಕಟ್ಟಿದ 41 ಪೊಟ್ಟಣ ಕೊಟ್ಟರು. ಬೂದಿ ಬಣ್ಣದ ನುಣ್ಣನೆ ಪುಡಿ, ನಾಲಿಗೆ ಮೇಲಿಟ್ಟರೆ ಸುಣ್ಣ ನೆಕ್ಕಿದ ಹಾಗೆ. ಜೇನುತುಪ್ಪದಲ್ಲಿ ಕಲಸಿ ತಿನ್ನು ಅಂದರು. ಹೆಸರಿಲ್ಲ, ಚೀಟಿ ಇಲ್ಲ. ನನ್ನ ಮುಟ್ಟಿನ ದಿನ ಯಾವುದು ಅಂತಲೂ ಕೇಳಲಿಲ್ಲ. ಪಕ್ಕದಲ್ಲೇ ಕೂತಿದ್ದ ನನ್ನ ಗಂಡನನ್ನು ಒಂದು ಮಾತೂ ಕೇಳಲಿಲ್ಲ. ಎರಡು ಸಲ ಆ 41 ದಿನ ಮುಗಿಸಿದೆ. ಹೊಟ್ಟೆನೋವು ಬಂತು, ಮುಟ್ಟು ಇನ್ನಷ್ಟು ಏರುಪೇರಾಯಿತು.

ಆಮೇಲೆ ಸಿರುಗುಪ್ಪದ ಮೇಲೆ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ, ಓದಿದ ಆಯುರ್ವೇದ ಡಾಕ್ಟರಮ್ಮ ಒಬ್ಬರನ್ನು ಕಂಡೆವು. ಅವರು ಔಷಧಿ ಚೀಟಿ ಮುಟ್ಟಲೇ ಇಲ್ಲ. "ಔಷಧಿ ಆಮೇಲೆ. ಹಿಂದಿನ ಮೂರು ಸಲ ಯಾವ್ಯಾವ ತಾರೀಖಿಗೆ ಆಗಿತ್ತು, ಅದನ್ನ ಹೇಳವ್ವಾ" ಅಂದರು. ನನಗೆ ಒಂದೂ ನೆನಪಿರಲಿಲ್ಲ.

ಅವತ್ತು ನನಗೆ ಅರ್ಥವಾಗಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಈ ದಾರಿ ನಡೆದವಳು. ಆಯುರ್ವೇದ ಒಳ್ಳೆಯದೇ, ಆದರೆ ಅದನ್ನು ಬಳಸಲು ಒಂದು ಕ್ರಮ ಇದೆ, ಆ ಕ್ರಮ ಪುಡಿಯಿಂದ ಶುರುವಾಗುವುದಿಲ್ಲ.

ಬೀಜ, ನೆಲ, ನೀರು, ಹದ

ಗರ್ಭ ನಿಲ್ಲಲು ನಾಲ್ಕು ಬೇಕು ಅಂತ ಆಯುರ್ವೇದದ ಹಳೇ ಗ್ರಂಥ ಸುಶ್ರುತ ಸಂಹಿತೆಯಲ್ಲಿದೆ: ಋತು, ಕ್ಷೇತ್ರ, ಅಂಬು, ಬೀಜ. ಋತು ಅಂದರೆ ಸರಿಯಾದ ಕಾಲ. ಕ್ಷೇತ್ರ ಅಂದರೆ ಗರ್ಭಕೋಶ. ಅಂಬು ಅಂದರೆ ದೇಹಕ್ಕೆ ಸಿಗುವ ಪೋಷಣೆ. ಬೀಜ ಅಂದರೆ ಅಂಡಾಣು ಮತ್ತು ವೀರ್ಯಾಣು, ಎರಡೂ. ಇದನ್ನು ನಮ್ಮ ತುಂಗಭದ್ರಾ ಕಾಲುವೆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಕಾಲುವೆಗೆ ನೀರು ಬಿಡುವ ಮೊದಲೇ ಯಾರೂ ನಾಟಿ ಹಚ್ಚುವುದಿಲ್ಲ. ಬೀಜ ಜೊಳ್ಳಾಗಿದ್ದರೆ ಎಷ್ಟು ಗೊಬ್ಬರ ಹಾಕಿದರೂ ಸಸಿ ಏಳುವುದಿಲ್ಲ. ಆದರೆ ಮಗು ವಿಷಯ ಬಂದರೆ ಮಾತ್ರ ನೆಲವನ್ನೇ ಬೈಯುತ್ತೇವೆ. ಆ ನಾಲ್ಕರಲ್ಲಿ ಬೀಜದ ಅರ್ಧ ಗಂಡಸಿನದು ಅನ್ನುವುದನ್ನು ಹಿಂದಿನವರೇ ಹೇಳಿಟ್ಟಿದ್ದಾರೆ.

ಮೊದಲ ಕೆಲಸ: ದಿನ ಬರೆದಿಡಿ

ಬೀಜದಂಗಡಿಯವರು ಕೊಡುವ ಕ್ಯಾಲೆಂಡರ್ ಸಾಕು. ಮುಟ್ಟು ಶುರುವಾದ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಅದು ಒಂದನೇ ದಿನ. ಮುಂದಿನ ಸಲ ಶುರುವಾಗುವ ಹಿಂದಿನ ದಿನದವರೆಗೆ ಎಣಿಸಿದರೆ ನಿಮ್ಮ ಚಕ್ರ ಎಷ್ಟು ದಿನದ್ದು ಅಂತ ಸಿಗುತ್ತದೆ. ಕನಿಷ್ಠ ಮೂರು ತಿಂಗಳು ಬರೆಯಿರಿ, ಆರು ತಿಂಗಳಾದರೆ ಇನ್ನೂ ಒಳ್ಳೆಯದು.

ಎಲ್ಲರೂ 14ನೇ ದಿನ ಅನ್ನುತ್ತಾರೆ. ಅದು 28 ದಿನದ ಚಕ್ರ ಇರುವವರಿಗೆ. ಅಂಡ ಬಿಡುಗಡೆ ಆಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಹಾಗಾಗಿ 35 ದಿನಕ್ಕೊಮ್ಮೆ ಆಗುವವರಿಗೆ ಅದು 21ನೇ ದಿನದ ಸುಮಾರಿಗೆ ಬರುತ್ತದೆ. ನನ್ನದು 33, 34 ದಿನ ಇತ್ತು, ನಾವು ಮಾತ್ರ ಎರಡು ವರ್ಷ 14ನೇ ದಿನವನ್ನೇ ನಂಬಿಕೊಂಡು ಕೂತಿದ್ದೆವು.

ಹೊರಗೆ ಬಂದ ಅಂಡಾಣು ಬದುಕುವುದು 12ರಿಂದ 24 ಗಂಟೆ. ವೀರ್ಯಾಣು ಹೆಣ್ಣಿನ ದೇಹದಲ್ಲಿ 5 ದಿನದವರೆಗೂ ಉಳಿಯಬಲ್ಲದು. ಹಾಗಾಗಿ ಗರ್ಭ ನಿಲ್ಲುವ ಅವಕಾಶ ಇರುವುದು ತಿಂಗಳಿಗೆ ಆರು ದಿನ: ಅಂಡ ಬರುವ ದಿನ, ಅದಕ್ಕೆ ಮೊದಲಿನ ಐದು ದಿನ. ಲೆಕ್ಕ ಹೀಗೆ ಹಾಕಿ. ನಿಮ್ಮ ಅತಿ ಚಿಕ್ಕ ಚಕ್ರದಲ್ಲಿ 18 ಕಳೆಯಿರಿ, ಅತಿ ದೊಡ್ಡದರಲ್ಲಿ 11 ಕಳೆಯಿರಿ. 28 ಮತ್ತು 33 ಇದ್ದರೆ 10ನೇ ದಿನದಿಂದ 22ನೇ ದಿನದವರೆಗೆ ಕಣ್ಣಿಡಬೇಕು.

ದೇಹವೇ ಗುರುತು ಕೊಡುತ್ತದೆ. ಆ ದಿನಗಳಲ್ಲಿ ಕೆಳಗೆ ಹೋಗುವ ಬಿಳುಪು ನೀರಾಗಿ, ಜಾರುವಂತೆ, ಹಸಿ ಮೊಟ್ಟೆಯ ಬಿಳಿ ಭಾಗದ ಹಾಗೆ ಇರುತ್ತದೆ. ಎರಡು ಬೆರಳ ನಡುವೆ ಎಳೆದರೆ ಎಳೆಯಾಗಿ ಬರುತ್ತದೆ. ಇದು ರೋಗ ಅಲ್ಲ. ನಮ್ಮಲ್ಲಿ ಬಿಳಿ ಹೋಗುತ್ತದೆ ಅಂದ ತಕ್ಷಣ ಔಷಧಿ ಶುರು ಮಾಡುತ್ತಾರೆ. ವಾಸನೆ, ಕೆರೆತ, ಹಳದಿ ಅಥವಾ ಹಸಿರು ಬಣ್ಣ ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಶಾಪಿನಲ್ಲಿ ಮೂತ್ರದಲ್ಲಿ ನೋಡುವ ಓವ್ಯುಲೇಶನ್ ಪಟ್ಟಿ ಸಿಗುತ್ತದೆ, ಎರಡು ಗೆರೆ ದಟ್ಟವಾಗಿ ಬಂದರೆ ಮುಂದಿನ ಒಂದೂವರೆ ದಿನದೊಳಗೆ ಅಂಡ ಬರುವ ಸಾಧ್ಯತೆ ಜಾಸ್ತಿ, ಆದರೆ ಪಿಸಿಓಡಿ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರುವವರಿಗೆ ಅದು ಸುಳ್ಳು ಗೆರೆ ತೋರಿಸುವುದುಂಟು, ಅವರಿಗೆ ಸ್ಕ್ಯಾನಿಂಗೇ ವಾಸಿ.

ಎರಡನೇದು: ಇಬ್ಬರಿಗೂ ಪರೀಕ್ಷೆ

ಆಯುರ್ವೇದ ಶುರು ಮಾಡುವ ಮೊದಲೇ ಇದು ಆಗಬೇಕು. ಒಳ್ಳೆಯ ಆಯುರ್ವೇದ ಡಾಕ್ಟರ್ ಆದರೆ ಅವರೇ ಬರೆದುಕೊಡುತ್ತಾರೆ. ಹೆಂಗಸಿಗೆ ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ಹಾಲಿನ ಹಾರ್ಮೋನು ಪ್ರೊಲ್ಯಾಕ್ಟಿನ್, ಶುಗರ್, ಹೊಟ್ಟೆಯ ಸ್ಕ್ಯಾನಿಂಗ್. ಅಂಡ ನಿಜವಾಗಿ ಬಿಡುಗಡೆ ಆಗಿದೆಯೇ ಅಂತ ತಿಳಿಯಲು ಮುಂದಿನ ಮುಟ್ಟಿಗೆ ಏಳು ದಿನ ಮೊದಲು ಪ್ರೊಜೆಸ್ಟರಾನ್ ರಕ್ತಪರೀಕ್ಷೆ ಇದೆ. ಗಂಡನಿಗೆ ವೀರ್ಯ ಪರೀಕ್ಷೆ, ಅದಕ್ಕೆ ಮೊದಲು 2ರಿಂದ 7 ದಿನ ಸಂಬಂಧ ಇರಬಾರದು.

ನನ್ನ ಟಿಎಸ್‌ಎಚ್ ಜಾಸ್ತಿ ಬಂತು, ಅಂದರೆ ಥೈರಾಯ್ಡ್ ಮಂದವಾಗಿತ್ತು. ಥೈರಾಯ್ಡ್ ಸರಿಯಾಗಿ ಕೆಲಸ ಮಾಡದಿದ್ದರೆ ಅಂಡ ಬಿಡುಗಡೆಯೇ ತಪ್ಪಿಹೋಗಬಹುದು. ಎರಡು ವರ್ಷ ಅದನ್ನು ಯಾರೂ ನೋಡಿರಲಿಲ್ಲ, ನಾನೂ ಕೇಳಿರಲಿಲ್ಲ.

ಗಂಡನನ್ನು ಒಪ್ಪಿಸುವುದೇ ಕಷ್ಟ, ನನಗೆ ಗೊತ್ತು. "ನನಗೇನಾಗೈತಿ?" ಅಂತ ನನ್ನ ಮನೆಯವರೂ ಸಿಟ್ಟಾದರು. ಆದರೆ ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ, ಅವರ ಪರೀಕ್ಷೆಯೇ ಎಲ್ಲದಕ್ಕಿಂತ ಸುಲಭ, ಸೂಜಿ ಕೂಡ ಇಲ್ಲ. ನಮ್ಮ ಕಡೆ ಬಿಸಿಲು ಬೇರೆ. ಅಕ್ಕಿ ಮಿಲ್ಲಿನ ಬಾಯ್ಲರ್ ಹತ್ತಿರ, ಉಕ್ಕಿನ ಕಾರ್ಖಾನೆಯ ಕುಲುಮೆ ಮುಂದೆ, ಲಾರಿ ಕ್ಯಾಬಿನ್ನಿನಲ್ಲಿ ದಿನವಿಡೀ ಇರುವವರಿಗೆ ವೃಷಣಕ್ಕೆ ಶಾಖ ತಾಗಿ ವೀರ್ಯಾಣು ಕಡಿಮೆಯಾಗಬಹುದು. ಗುಟ್ಕಾ, ಸಿಗರೇಟು, ಕುಡಿತ ಇದಕ್ಕೆ ಸೇರಿದರೆ ಇನ್ನೂ ಕೆಟ್ಟದ್ದು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಇವತ್ತು ಗುಟ್ಕಾ ಬಿಟ್ಟರೆ ಅದರ ಫಲ ಕಾಣುವುದು ಮೂರು ತಿಂಗಳ ಮೇಲೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಂಡ ಗರ್ಭಕೋಶಕ್ಕೆ ಬರುವ ಗರ್ಭನಾಳ ಎರಡೂ ಮುಚ್ಚಿದ್ದರೆ ಯಾವ ಕಷಾಯ ಕುಡಿದರೂ ತೆರೆಯುತ್ತದೆ ಅಂತ ನಂಬಿ ಕೂರಬೇಡಿ. ನಮ್ಮ ದೇಶದಲ್ಲಿ ಗರ್ಭಕೋಶದ ಕ್ಷಯದಿಂದಲೂ ನಾಳ ಮುಚ್ಚುತ್ತದೆ, ಅದಕ್ಕೆ ಟಿಬಿ ಮಾತ್ರೆಯೇ ಬೇಕು. ವಯಸ್ಸು 35 ದಾಟಿದ್ದರೆ ಆರು ತಿಂಗಳು, ಅದಕ್ಕಿಂತ ಕಡಿಮೆಯಾಗಿದ್ದರೆ ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ ಸ್ತ್ರೀರೋಗ ತಜ್ಞರ ಬಳಿ ಹೋಗಲೇಬೇಕು. ಮುಟ್ಟು 35 ದಿನಕ್ಕಿಂತ ದೂರ ಹೋಗುತ್ತಿದ್ದರೆ ಅಥವಾ ಮೂರು ತಿಂಗಳು ಬರದೇ ಇದ್ದರೆ ಅಷ್ಟೂ ಕಾಯಬೇಡಿ.

ಮೂರನೇದು: ಊಟ

ಆಯುರ್ವೇದದಲ್ಲಿ ಎಲ್ಲ ಜೀರ್ಣದಿಂದ ಶುರು. ತಿಂದದ್ದು ಸರಿಯಾಗಿ ಅರಗಿದರೆ ರಸ, ರಸದಿಂದ ರಕ್ತ, ಹಾಗೇ ಮುಂದೆ ದೇಹವನ್ನು ಕಟ್ಟುವ ಧಾತುಗಳು ಬಲವಾಗುತ್ತವೆ ಅನ್ನುವುದು ಅದರ ಲೆಕ್ಕ. ಡಾಕ್ಟರಮ್ಮ ನನ್ನ ನಾಲಿಗೆ ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು, ಆಮೇಲೆ ರಾತ್ರಿ ಊಟ ಎಷ್ಟು ಗಂಟೆಗೆ ಅಂತ ಕೇಳಿದರು. ಹತ್ತೂವರೆ ಅಂದೆ. ಗಂಡ ಬರುವವರೆಗೆ ಕಾಯುತ್ತಿದ್ದೆ. "ಎಂಟಕ್ಕೆ ನೀನು ಉಣ್ಣು, ಅವನು ಬಂದಾಗ ಬಡಿಸು" ಅಂದರು. ಮೊದಲ ಔಷಧಿ ಅದೇ ಆಗಿತ್ತು ನನಗೆ.

ನಮ್ಮ ಊಟವೇ ಒಳ್ಳೆಯದು, ಬೇರೆಲ್ಲೂ ಹುಡುಕಬೇಡಿ. ಜೋಳದ ರೊಟ್ಟಿ, ಚಳಿಗಾಲದಲ್ಲಿ ಸಜ್ಜೆ ರೊಟ್ಟಿ. ಹೆಸರುಕಾಳು, ಮಡಿಕೆಕಾಳು. ಪುಂಡಿಪಲ್ಯ, ಮೆಂತ್ಯಪಲ್ಯ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಅದರ ಮೇಲೆ ಒಂದು ಚಮಚ ತುಪ್ಪ. ಮಜ್ಜಿಗೆ. ಮೊಟ್ಟೆ ತಿನ್ನುವವರು ತಿನ್ನಿ. ರಕ್ತ ಕಡಿಮೆ ಇದ್ದರೆ, ಅಂದರೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ, ಸೊಪ್ಪಿನ ಜೊತೆ ಲಿಂಬೆಹಣ್ಣು ಹಿಂಡಿಕೊಳ್ಳಿ, ಊಟವಾದ ಕೂಡಲೇ ಚಹಾ ಕುಡಿಯಬೇಡಿ, ಕಬ್ಬಿಣದ ಮಾತ್ರೆಯನ್ನೂ ತಗೊಳ್ಳಿ. ದಿನಾ ಸಂಜೆ ಮಿರ್ಚಿ, ಒಗ್ಗರಣೆ ಮಂಡಕ್ಕಿ ಮಾತ್ರ ಬಿಡಬೇಕು. ಎಷ್ಟು ಕಷ್ಟ ಅಂತ ಗೊತ್ತು, ಆದರೂ ವಾರಕ್ಕೊಮ್ಮೆಗೆ ಇಳಿಸಿ.

ಪಿಸಿಓಡಿ ಇದ್ದು ತೂಕ ಜಾಸ್ತಿ ಇರುವವರು ಇದನ್ನು ಎರಡು ಸಲ ಓದಿ. ಇರುವ ತೂಕದಲ್ಲಿ ನೂರಕ್ಕೆ 5ರಿಂದ 10 ಪಾಲು ಇಳಿದರೆ ಸಾಕು, ಎಷ್ಟೋ ಹೆಂಗಸರಿಗೆ ನಿಂತುಹೋದ ಅಂಡ ಬಿಡುಗಡೆ ತಾನಾಗಿ ಶುರುವಾಗುತ್ತದೆ. 70 ಕಿಲೋ ಇರುವವರಿಗೆ ಅದು ಮೂರೂವರೆಯಿಂದ ಏಳು ಕಿಲೋ ಅಷ್ಟೇ. ಎರಡು ಹೊತ್ತು ಅನ್ನ ಉಣ್ಣುವ ಕಡೆ ಒಂದು ಹೊತ್ತು ರೊಟ್ಟಿ ಮಾಡಿ, ಬಿಸಿಲು ಏರುವ ಮೊದಲು ಅರ್ಧ ತಾಸು ಜೋರಾಗಿ ನಡೆಯಿರಿ. ತೂಕ ತೀರಾ ಕಡಿಮೆ ಇರುವವರಿಗೆ ಉಲ್ಟಾ, ಅವರು ಉಪವಾಸ ಗಿಪವಾಸ ಬಿಟ್ಟು ಚೆನ್ನಾಗಿ ಉಣ್ಣಬೇಕು.

ಇದರ ಜೊತೆಗೆ ಫೋಲಿಕ್ ಆಸಿಡ್ ಮಾತ್ರೆ. ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ನಿಲ್ಲುವುದಕ್ಕೆ ಒಂದು ತಿಂಗಳಾದರೂ ಮೊದಲಿಂದ. ಮಗುವಿನ ಬೆನ್ನುಹುರಿ ಸರಿಯಾಗಿ ಬೆಳೆಯಲು ಇದು ಬೇಕು. ಇದನ್ನು ಯಾವ ಆಯುರ್ವೇದ ಡಾಕ್ಟರೂ ಬೇಡ ಅನ್ನುವುದಿಲ್ಲ.

ಈಗ ಔಷಧಿ

ಶತಾವರಿಗೆ ಕನ್ನಡದಲ್ಲಿ ಹಲವು ಮಕ್ಕಳ ತಾಯಿ ಬೇರು ಅನ್ನುತ್ತಾರೆ, ಆಷಾಢಿ ಬೇರು ಅಂತಲೂ ಹೆಸರಿದೆ. ಗಿಡ ಕಿತ್ತು ನೋಡಿದರೆ ಗೊತ್ತಾಗುತ್ತದೆ, ಒಂದೇ ಬುಡಕ್ಕೆ ಬೆರಳಿನಂಥ ಬೇರುಗಳ ಗೊಂಚಲು ತೂಗುತ್ತಿರುತ್ತದೆ. ದೇಹಕ್ಕೆ ತಂಪು, ಪೋಷಣೆ ಅಂತ ಕೊಡುತ್ತಾರೆ. ಸಾಮಾನ್ಯ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ ಪುಡಿ, ಬೆಚ್ಚಗಿನ ಹಾಲಿನಲ್ಲಿ. ನನಗೆ ರಾತ್ರಿ ಕೊಟ್ಟಿದ್ದರು. ಸ್ಟೀಲ್ ಲೋಟದ ತಳದಲ್ಲಿ ಪುಡಿ ಗಂಟಾಗಿ ಕೂರುತ್ತದೆ, ಮೊದಲು ಎರಡು ಚಮಚ ಹಾಲಿನಲ್ಲಿ ಕಲಸಿಕೊಂಡು ಆಮೇಲೆ ಉಳಿದ ಹಾಲು ಹಾಕಿ. ಗರ್ಭಕೋಶದಲ್ಲಿ ಗಡ್ಡೆ ಇರುವವರು, ಸ್ತನದ ಗಡ್ಡೆಗೆ ಚಿಕಿತ್ಸೆ ಪಡೆದವರು ಕೇಳದೇ ತಗೊಳ್ಳಬಾರದು.

ಅಶ್ವಗಂಧ, ನಮ್ಮ ಹಿರೇಮದ್ದು. ನಿದ್ದೆ ಇಲ್ಲದವರಿಗೆ, ಚಿಂತೆ ಹಚ್ಚಿಕೊಂಡವರಿಗೆ ಕೊಡುತ್ತಾರೆ. ಇದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಥೈರಾಯ್ಡ್ ಮಾತ್ರೆ ನುಂಗುವವರು ಡಾಕ್ಟರಿಗೆ ಹೇಳದೇ ಮುಟ್ಟಬೇಡಿ. ನನಗೆ ಅದಕ್ಕೇ ಕೊಡಲಿಲ್ಲ. ಲಿವರ್ ತೊಂದರೆ ಇರುವವರಿಗೂ ಬೇಡ. ಗರ್ಭಿಣಿಯರಿಗೆ ಅಂತೂ ಬೇಡವೇ ಬೇಡ.

ಆಯುರ್ವೇದದ ಇನ್ನೊಂದು ಹಳೇ ಗ್ರಂಥ ಅಷ್ಟಾಂಗ ಹೃದಯದಲ್ಲಿ ಬರುವ ಫಲಘೃತ ಈ ವಿಷಯಕ್ಕೆ ಹೆಸರಾದ ತುಪ್ಪ. ತೂಕ ಜಾಸ್ತಿ ಇದ್ದು ಜೀರ್ಣ ಮಂದ ಇರುವವರಿಗೆ ತಿಳಿದವರು ಅದನ್ನು ಮೊದಲಿಗೇ ಕೊಡುವುದಿಲ್ಲ. ಪಿಸಿಓಡಿಗೆ ಕಾಂಚನಾರ ಗುಗ್ಗುಳು ಅನ್ನುವ ಗುಳಿಗೆ ಬರೆಯುತ್ತಾರೆ. ಈ ಔಷಧಿಗಳ ಮೇಲೆ ನಡೆದ ಅಧ್ಯಯನಗಳು ಹೆಚ್ಚಿನವು ಚಿಕ್ಕವು, ಹಾಗಾಗಿ ಗ್ಯಾರಂಟಿ ಅನ್ನುವವರನ್ನು ನಂಬಬೇಡಿ.

ಇದನ್ನು ಮಾತ್ರ ಮರೆಯಬೇಡಿ. ರಜಃಪ್ರವರ್ತಿನಿ ವಟಿ, ಕುಮಾರ್ಯಾಸವ ಇವು ಮುಟ್ಟು ಬರಿಸುವ ಔಷಧಿಗಳು, ಲೋಳೆಸರ ಸೇರಿರುತ್ತದೆ. ಡೇಟ್ ಮುಂದೆ ಹೋಗಿದೆ ಅಂತ ಮನೆಯಲ್ಲಿದ್ದ ಹಳೇ ಬಾಟಲಿ ತೆಗೆದು ಕುಡಿಯುತ್ತಾರೆ. ಮಗು ಬೇಕು ಅಂತ ಪ್ರಯತ್ನಿಸುತ್ತಿರುವಾಗ ಡೇಟ್ ಮುಂದೆ ಹೋಗಿದ್ದು ಗರ್ಭ ನಿಂತಿರುವುದಕ್ಕೇ ಇರಬಹುದಲ್ವಾ? ಮೊದಲು ಮೂತ್ರ ಪರೀಕ್ಷೆಯ ಕಿಟ್ ತಂದು ನೋಡಿ. ಇಲ್ಲ ಅಂತ ಬಂದರೆ ಡಾಕ್ಟರನ್ನು ಕೇಳಿ.

ಬಸ್ತಿ (ಗುದದ ಮೂಲಕ ಔಷಧಿ ಕೊಡುವುದು), ವಿರೇಚನ (ಭೇದಿ ಮಾಡಿಸುವುದು) ಇಂಥ ದೇಹ ಶುದ್ಧಿಯ ಪಂಚಕರ್ಮ ಮಾಡಿಸುವುದಾದರೆ ಪ್ರಯತ್ನ ಶುರು ಮಾಡುವ ಮೊದಲೇ ಮುಗಿಸಿಕೊಳ್ಳಿ. ಉತ್ತರಬಸ್ತಿ ಅಂದರೆ ಗರ್ಭಕೋಶದೊಳಗೆ ಔಷಧಿ ಬಿಡುವುದು. ಅದನ್ನು ಆಸ್ಪತ್ರೆಯಲ್ಲಿ, ಸ್ತ್ರೀರೋಗ ಓದಿದ ಆಯುರ್ವೇದ ಡಾಕ್ಟರೇ ಮಾಡಬೇಕು. ಸೋಂಕು ಇದ್ದಾಗ ಮಾಡಿದರೆ ಅನಾಹುತ. ಮನೆಗೆ ಬಂದು ಮಾಡುತ್ತೇನೆ ಅನ್ನುವವರನ್ನು ಬಾಗಿಲಲ್ಲೇ ಕಳಿಸಿ.

ಯಾರ ಹತ್ತಿರ ಹೋಗಬೇಕು? ಬಳ್ಳಾರಿಯಲ್ಲಿ ಸರ್ಕಾರಿ ತಾರಾನಾಥ ಆಯುರ್ವೇದ ಕಾಲೇಜಿದೆ, ಕೊಪ್ಪಳದಲ್ಲಿ ಗವಿಸಿದ್ಧೇಶ್ವರ ಆಯುರ್ವೇದ ಕಾಲೇಜಿದೆ. ಇಂಥ ಕಾಲೇಜಿನ ಆಸ್ಪತ್ರೆಗಳಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ಅಂತಲೇ ವಿಭಾಗ ಇರುತ್ತದೆ. ಹಳೇ ರಿಪೋರ್ಟು, ಕ್ಯಾಲೆಂಡರ್, ಈಗ ನುಂಗುತ್ತಿರುವ ಎಲ್ಲ ಮಾತ್ರೆ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಡ ಬೆಳೆಯಲು ಲೆಟ್ರೋಜೋಲ್ ತರಹದ ಮಾತ್ರೆ ನಡೆಯುತ್ತಿದ್ದರೆ ಎರಡೂ ಡಾಕ್ಟರಿಗೆ ಗೊತ್ತಿರಲಿ. ಒಬ್ಬರಿಂದ ಮುಚ್ಚಿಟ್ಟು ಇನ್ನೊಬ್ಬರ ಔಷಧಿ ತಿನ್ನುವುದು ನಮ್ಮಲ್ಲಿ ಬಹಳ.

ಚೀಟಿ ಇಲ್ಲದ ಪುಡಿ ಬೇಡ. ಪೊಟ್ಟಣದ ಮೇಲೆ ತಯಾರಕರ ಹೆಸರು, ಲೈಸೆನ್ಸ್ ನಂಬರ್, ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ, ತಾರೀಖು ಇರಬೇಕು. ಭಸ್ಮ ಅಂತ ಕೊಡುವ ಪುಡಿಯಲ್ಲಿ ಸೀಸ, ಪಾದರಸ ಇರಬಹುದು. 2011-12ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರು ಗರ್ಭಿಣಿಯರ ರಕ್ತದಲ್ಲಿ ಸೀಸ ಏರಿದ್ದು ಕಂಡುಬಂತು, ಎಲ್ಲರೂ ಭಾರತದಲ್ಲಿ ತಯಾರಾದ ಆಯುರ್ವೇದ ಔಷಧಿ ತಿಂದವರು. ಅದನ್ನು ಓದಿದ ದಿನ ನನ್ನ ಆ 82 ಬೂದಿ ಪೊಟ್ಟಣ ನೆನಪಾಗಿ ಮೈ ನಡುಗಿತು. ಬಂಜೆತನಕ್ಕೆ, ಮುಟ್ಟಿನ ದೋಷಕ್ಕೆ ಔಷಧಿ ಇದೆ ಅಂತ ಜನರಿಗೆ ಜಾಹೀರಾತು ಕೊಡುವುದೇ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ತಪ್ಪು. ಗಂಡುಮಗುವೇ ಆಗುವ ಔಷಧಿ ಅನ್ನುವವರ ಹತ್ತಿರ ನಿಲ್ಲಲೂ ಬೇಡಿ. ಮಗು ಗಂಡೋ ಹೆಣ್ಣೋ ಅನ್ನುವುದು ತಂದೆಯ ವೀರ್ಯಾಣುವಿನಿಂದ ತೀರ್ಮಾನವಾಗುತ್ತದೆ, ತಾಯಿಯ ಹೊಟ್ಟೆಗೆ ಹಾಕುವ ಬೇರಿನಿಂದ ಅಲ್ಲ.

ತಿಂಗಳು ಹೇಗೆ ನಡೆಸಬೇಕು

ಮುಟ್ಟಿನ ಮೊದಲ ಮೂರು ದಿನ ವಿಶ್ರಾಂತಿ, ಹಗುರ ಊಟ ಅಂತ ಆಯುರ್ವೇದ ಹೇಳುತ್ತದೆ. ಆ ವಿಶ್ರಾಂತಿ ತಗೊಳ್ಳಿ, ಕೊಡ ಹೊರುವುದನ್ನು ಬೇರೆಯವರಿಗೆ ಬಿಡಿ. ಹೊರಗೆ ಕೂರಿಸುವುದು, ಚಾಪೆ ಬೇರೆ ಮಾಡುವುದು, ತಣ್ಣೀರಲ್ಲಿ ಮೀಯಿಸುವುದು, ಇವನ್ನು ನಾವು ನಮ್ಮ ಮನೆಯಲ್ಲಿ ನಿಲ್ಲಿಸಿದ್ದೇವೆ. ನೀವೂ ನಿಲ್ಲಿಸಿ.

ಆಮೇಲೆ ನಿಮ್ಮ ಲೆಕ್ಕದ ದಿನಗಳು ಬಂದಾಗ ದಿನಾ ಅಥವಾ ದಿನ ಬಿಟ್ಟು ದಿನ ಗಂಡ ಹೆಂಡತಿ ಕೂಡಿರಿ. ವೀರ್ಯ ಉಳಿಸಿಟ್ಟು ಒಂದೇ ದಿನ ಕೂಡಿದರೆ ಒಳ್ಳೆಯದು ಅನ್ನುವುದು ಸುಳ್ಳು. ಕಾಲು ಮೇಲೆತ್ತಿ ಮಲಗುವುದೂ ಬೇಕಾಗಿಲ್ಲ. ಕೂಡು ಕುಟುಂಬದಲ್ಲಿ, ಎರಡು ಕೋಣೆಯ ಮನೆಯಲ್ಲಿ ಇದು ಹೇಳಿದಷ್ಟು ಸುಲಭ ಅಲ್ಲ. ನನ್ನ ನಾದಿನಿಗೆ ವಿಷಯ ಹೇಳಿದೆ, ಆ ವಾರ ಅವಳೇ ಅತ್ತೆಯನ್ನು ತನ್ನೂರಿಗೆ ಕರೆದುಕೊಂಡು ಹೋಗುತ್ತಿದ್ದಳು. ಇಂಥ ಒಬ್ಬರನ್ನು ಹುಡುಕಿಕೊಳ್ಳಿ.

ಇದೆಲ್ಲ ಒಂದು ತಿಂಗಳಲ್ಲಿ ಕಾಣುವುದಿಲ್ಲ. ಅಂಡಾಣು ಬಲಿತು ಹೊರಬರಲು ತಿಂಗಳುಗಳೇ ಬೇಕು. ಮೂರು ತಿಂಗಳು ಕೊಡಿ, ಆಮೇಲೆ ಕ್ಯಾಲೆಂಡರ್ ಹಿಡಿದು ಡಾಕ್ಟರ್ ಮುಂದೆ ಕೂತು ಏನು ಬದಲಾಗಿದೆ ನೋಡಿ. ಏನೂ ಬದಲಾಗದಿದ್ದರೆ ಅದೇ ಪುಡಿಯನ್ನು ವರ್ಷಗಟ್ಟಲೆ ತಿನ್ನಬೇಡಿ.

ನನಗೆ ಏಳನೇ ತಿಂಗಳಿಗೆ ನಿಂತಿತು. ಥೈರಾಯ್ಡ್ ಮಾತ್ರೆ ನುಂಗುತ್ತಿದ್ದೆ, ಗಂಡ ಗುಟ್ಕಾ ಬಿಟ್ಟಿದ್ದರು, ಬಾಯ್ಲರ್ ಕೆಲಸದಿಂದ ಲೋಡಿಂಗಿಗೆ ಬದಲಾಗಿದ್ದರು, ಎಂಟಕ್ಕೆ ಊಟ, ಸರಿಯಾದ ದಿನ, ರಾತ್ರಿ ಶತಾವರಿ ಹಾಲು. ಇದರಲ್ಲಿ ಶತಾವರಿ ಒಂದಕ್ಕೇ ಹೆಸರು ಕೊಡಲು ನಾನು ತಯಾರಿಲ್ಲ.

ಮೂತ್ರ ಪರೀಕ್ಷೆಯಲ್ಲಿ ಎರಡು ಗೆರೆ ಬಂದ ದಿನ ಮಾಡಬೇಕಾದದ್ದು ಇಷ್ಟು. ತಗೊಳ್ಳುತ್ತಿದ್ದ ಎಲ್ಲ ಗಿಡಮೂಲಿಕೆ ಅವತ್ತೇ ನಿಲ್ಲಿಸಿ, ಮುಂದುವರಿಸುವುದೋ ಬೇಡವೋ ಡಾಕ್ಟರ್ ಹೇಳಲಿ. ಥೈರಾಯ್ಡ್ ಮಾತ್ರೆ, ಫೋಲಿಕ್ ಆಸಿಡ್ ಮಾತ್ರ ನಿಲ್ಲಿಸಬೇಡಿ, ಥೈರಾಯ್ಡ್ ಮಾತ್ರೆಯ ಪ್ರಮಾಣ ಏರಿಸಬೇಕಾಗಬಹುದು, ಬೇಗ ತೋರಿಸಿ. ಒಂದು ಕಡೆ ಮಾತ್ರ ಜೋರು ಹೊಟ್ಟೆನೋವು, ರಕ್ತ, ತಲೆಸುತ್ತು ಬಂದರೆ ರಾತ್ರಿ ಹಗಲು ನೋಡದೇ ಆಸ್ಪತ್ರೆಗೆ ಓಡಿ, ಗರ್ಭ ನಾಳದಲ್ಲಿ ನಿಂತಿರಬಹುದು. ಎಲ್ಲ ಸರಿ ಇದ್ದರೆ ನಿಮ್ಮ ಓಣಿಯ ಆಶಾ ಅಕ್ಕನಿಗೆ ಹೇಳಿ ತಾಯಿ ಕಾರ್ಡ್ ಮಾಡಿಸಿ. ಕೊನೆಯ ಮುಟ್ಟಿನ ತಾರೀಖು ಯಾವುದು ಅಂತ ಅವರು ಮೊದಲಿಗೇ ಕೇಳುತ್ತಾರೆ. ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ ಹೇಳಿ.